ನಗ್ಗಿದ ತಂಬಿಗೆ

ಎಲ್ಲದಕ್ಕೂ ಕಾರಣ ಒಂದು ಮಂಗಳೂರು ಸೌತೆಕಾಯಿ.

ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಗುಮಾಸ್ತ ಕಮಲಾಕ್ಷ ಐವತ್ತರ ಹತ್ತಿರ ಬಂದ ಮೇಲೆ ಆಯಿಲ್ ಪೇಂಟಿಂಗ್ ಕ್ಲಾಸಿಗೆ ಸೇರಿದ್ದ. "ಕಣ್ಣೆದುರು ಇದ್ದದ್ದನ್ನು ಬರೆಯಿರಿ, ತಲೆಯೊಳಗೆ ಇದ್ದದ್ದನ್ನಲ್ಲ" ಎಂಬುದು ಅಲ್ಲಿಯ ಮಾಸ್ತರರ ಮಂತ್ರ. ಆ ಭಾನುವಾರ ಅವನು ಬೊಂಬಾಯಿ ಹೊರವಲಯದ ಡೊಂಬಿವಲಿಯ ಮನೆಯ ಕಿಟಕಿಯ ಬಳಿ ಸ್ಟೂಲಿಗೆ ಬಿಳಿ ಬಟ್ಟೆ ಹಾಸಿ, ತೀರಿಹೋದ ಅಮ್ಮನ ನೆನಪಿಗೆಂದು ಊರಿಂದ ತಂದಿದ್ದ ಅವಳ ಹಿತ್ತಾಳೆ ತಂಬಿಗೆ, ಎರಡು ಬಾಳೆಹಣ್ಣು, ಒಂದು ಸೌತೆಕಾಯಿ ಇಟ್ಟು ಕುಂಚ ಹಿಡಿದ.

ಕಪ್ಪುಗಟ್ಟಿದ ತಂಬಿಗೆಯ ಹೊಟ್ಟೆಯಲ್ಲಿ ಒಂದು ದೊಡ್ಡ ನಗ್ಗು. ಅದು ಅವನದೇ ಕೆಲಸ. ಹನ್ನೆರಡನೇ ವಯಸ್ಸಿನಲ್ಲಿ, ಬಣ್ಣದ ಪೆಟ್ಟಿಗೆ ಕೊಡಿಸಲಿಲ್ಲವೆಂಬ ಸಿಟ್ಟಿಗೆ ಅದನ್ನು ಅಂಗಳಕ್ಕೆ ಎಸೆದಿದ್ದ. ಅಮ್ಮ ಏನೂ ಅನ್ನಲಿಲ್ಲ. ಅವನೂ ತಪ್ಪಾಯಿತು ಅನ್ನಲಿಲ್ಲ. ಮುಂದಿನ ರಜೆಯಲ್ಲಿ ಹೇಳೋಣ ಎನ್ನುತ್ತಲೇ ಮೂವತ್ತೈದು ವರ್ಷ ಕಳೆದು, ಅಮ್ಮ ಹೋಗಿಯೇಬಿಟ್ಟಳು. ಆ ನಗ್ಗನ್ನು ಇದ್ದ ಹಾಗೇ ಬರೆದರೆ ತಪ್ಪೊಪ್ಪಿಕೊಂಡ ಹಾಗಾದೀತು ಎಂಬುದು ಅವನ ಆಸೆ. ಇದ್ದದ್ದು ಅದೊಂದೇ ದಿನ. ಊರಿಂದ ಅಂಬರನಾಥದಲ್ಲಿರುವ ತನ್ನ ಮಗಳ ಮನೆಗೆ ಬಂದಿದ್ದ ಅವನ ಅಕ್ಕ ವಿನೋದಕ್ಕ, ಅಮ್ಮನ ವರ್ಷಾಂತಿಕಕ್ಕೆ ನೀರಿಡಲೆಂದು ತಂಬಿಗೆಯನ್ನು ಸಂಜೆ ಊರಿಗೆ ಒಯ್ಯುವವಳಿದ್ದಳು.

ಬಟ್ಟೆ, ಬಾಳೆಹಣ್ಣು ಬರೆದು ಮುಗಿಸಿ, ಕುಂಚ ತೊಳೆದು ಬರುವಷ್ಟರಲ್ಲಿ ಸೌತೆಕಾಯಿ ಮಾಯ. ಒಲೆಯ ಮೇಲೆ ಸಾಂಬಾರು ಕುದಿಯುತ್ತಿತ್ತು.

"ಜಯಾ, ನನ್ನ ಸೌತೆಕಾಯಿ?"

"ಮನೆಯಲ್ಲಿ ಬೇರೆ ಎಂಥ ತರಕಾರಿ ಉಂಟು? ಮಧ್ಯಾಹ್ನ ಅನ್ನಕ್ಕೆ ಎಂಥ ಹಾಕುವುದು, ನಿಮ್ಮ ಪೇಂಟಾ?" ಎಂದು ಹೆಂಡತಿ ಜಯಲತಾ ಸ್ನಾನಕ್ಕೆ ಹೋದಳು.

ಅವನು ಬಾಗಿಲು ತೆರೆದೇ ಇಟ್ಟು, ಚೀಲ ಹಿಡಿದು ಸ್ಟೇಷನ್ ಕಡೆಯ ಮಾರ್ಕೆಟಿಗೆ ಓಡಿದ. ಮಂಗಳೂರು ಸೌತೆ ಸಿಕ್ಕಿದ್ದು ನಾಲ್ಕನೇ ಅಂಗಡಿಯಲ್ಲಿ.

ಬೆವರು ಒರೆಸುತ್ತ ಮರಳಿದರೆ ಸ್ಟೂಲಿನ ಮೇಲೆ ಬಾಳೆಲೆ, ಗೊಂಡೆ ಹೂವು, ಹೊಗೆಯಾಡುವ ಊದುಬತ್ತಿ. ನಡುವೆ ತಂಬಿಗೆ ಹೊಸ ಅಳಿಯನಂತೆ ಹೊಳೆಯುತ್ತಿತ್ತು. ನಗ್ಗು ಇರಲಿಲ್ಲ.

ಎದುರು ಬಾಗಿಲಿನ ರಮಾಮಣಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. "ಎಂಥ ಕಮಲಣ್ಣ, ಇವತ್ತು ಅಮ್ಮನಿಗೆ ಎಡೆ ಬಡಿಸುವುದು ಅಂತ ಒಂದು ಮಾತು ಹೇಳುವುದಲ್ವಾ? ಬಿಳಿ ಬಟ್ಟೆ, ಹಣ್ಣು ಎಲ್ಲ ನೋಡಿ ನನಗೇ ಗೊತ್ತಾಯ್ತು. ಹೋದವರ ಎದುರು ಆ ಕರಿ ತಂಬಿಗೆ ಇಡುವುದಾ ಮಾರಾಯ್ರೆ? ಕೆಳಗೆ ಬರ್ತನ್ ರಿಪೇರಿಯವ ಬಂದಿದ್ದ, ನಗ್ಗು ತೆಗೆಸಿದೆ. ಹುಣಸೆಹುಳಿ ಹಾಕಿ ನಾನೇ ತಿಕ್ಕಿದೆ. ಕೈ ನೋಡಿ!"

ಕಮಲಾಕ್ಷ ಅವಳ ಕೆಂಪಾದ ಕೈ ನೋಡಿದ. "ಉಪಕಾರ ಆಯ್ತು ಅಕ್ಕ" ಎಂದ. ಅವಳು ಹೋದ ಮೇಲೆ ತಂಬಿಗೆಗೆ ಬೆನ್ನು ಹಾಕಿ ಕುಳಿತು, ಮಾಸ್ತರರ ಮಂತ್ರ ಮೀರಿ, ತಲೆಯೊಳಗೆ ಇದ್ದದ್ದನ್ನೇ ಬರೆದ. ಐದು ಗಂಟೆಗೆ ಕ್ಯಾನ್ವಾಸಿನಲ್ಲಿ ಕಪ್ಪು ತಂಬಿಗೆ ಕೂತಿತ್ತು, ನಗ್ಗಿನೊಳಗಿನ ನೆರಳಿನ ಸಮೇತ. ಜೀವಮಾನದಲ್ಲಿ ಅವನು ಅಷ್ಟು ಚೆನ್ನಾಗಿ ಏನನ್ನೂ ಬರೆದಿರಲಿಲ್ಲ.

ಆರಕ್ಕೆ ವಿನೋದಕ್ಕ ಬಂದಳು. ರಮಾಮಣಿ ಓಡಿಬಂದು ತಂಬಿಗೆಯನ್ನು ಅವಳ ಕೈಗಿಟ್ಟಳು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ಸವರಿದಳು.

"ನಗ್ಗು ಎಲ್ಲಿ ಕಮಲಾಕ್ಷ?"

"ತೆಗೆಸಿ ಆಯ್ತು" ಎಂದ ಅವನು, ನೆಲ ನೋಡುತ್ತ.

ಅಕ್ಕ ತಂಬಿಗೆಯನ್ನು ಸ್ಟೂಲಿನ ಮೇಲಿಟ್ಟು ಕುಳಿತಳು. "ಕಂಚುಗಾರ ಬಂದಾಗಲೆಲ್ಲ ನಾನು ಕೊಡಲು ಹೋದರೆ ಅಮ್ಮ ಕಸಿದುಕೊಳ್ತಿದ್ದಳು. 'ಮಗ ಬೊಂಬಾಯಿ ಸೇರಿದ. ಅವನ ಕೈಯ ಗುರುತು ಇದೊಂದೇ ಉಳಿದದ್ದು, ಇರಲಿ' ಅಂತಿದ್ದಳು."

ಕಮಲಾಕ್ಷ ಕ್ಯಾನ್ವಾಸಿನ ಕಡೆ ತಿರುಗಿದ. ಒಮ್ಮೆ ಬಾಯಿ ಬಿಟ್ಟಿದ್ದರೆ ಇದನ್ನು ಅಮ್ಮನ ಬಾಯಿಂದಲೇ ಕೇಳಬಹುದಿತ್ತು. ಪುಣ್ಯಕ್ಕೆ ಚಿತ್ರವಾದರೂ ಉಂಟಲ್ಲ, ಮಂಚದ ಎದುರು ತೂಗುಹಾಕಿಕೊಳ್ಳೋಣ ಎಂದುಕೊಂಡ.

ಅಷ್ಟರಲ್ಲಿ ಅಕ್ಕನೂ ಚಿತ್ರ ಕಂಡಳು. ಕಣ್ಣೊರೆಸಿಕೊಂಡು ಎದ್ದಳು. "ಅಮ್ಮನ ತಂಬಿಗೆ ಇಲ್ಲುಂಟಲ್ಲ! ನಾನು ಇದನ್ನೇ ಒಯ್ಯುತ್ತೇನೆ. ಆ ಪಾಲಿಶಿನದ್ದು ನೀನೇ ಇಟ್ಟುಕೋ. ನೀರು ತುಂಬಲು ಊರಲ್ಲಿ ಬೇರೆ ತಂಬಿಗೆ ಉಂಟು."

"ಅಕ್ಕ, ಬಣ್ಣ ಹಸಿ. ಒಣಗಲು ವಾರ ಬೇಕು."

"ಮುಟ್ಟದೆ ಹಿಡ್ಕೊಳ್ತೇನೆ ಮಾರಾಯ."

ಅಕ್ಕ ಚಿತ್ರದ ಅಂಚನ್ನು ಎರಡೂ ಕೈಯಿಂದ ಹಿಡಿದು ಮೆಟ್ಟಿಲಿಳಿದಳು. ಕಮಲಾಕ್ಷ ಅವಳ ಚೀಲ ಹೊತ್ತು ರಿಕ್ಷಾದವರೆಗೆ ಹೋಗಿ ಬಂದ. ಸ್ಟೂಲಿನ ಮೇಲೆ ಹೊಸ ಸೌತೆಕಾಯಿಯೂ ಹೊಳೆಯುವ ತಂಬಿಗೆಯೂ ಅವನನ್ನೇ ಕಾದಿದ್ದವು.

"ನೋಡಿದ್ರಾ ಕಮಲಣ್ಣ, ನಾನು ತಿಕ್ಕಿದ್ದಕ್ಕೆ ಅಮ್ಮನ ತಂಬಿಗೆ ನಿಮಗೇ ಉಳಿಯಿತು!" ಎಂದಳು ರಮಾಮಣಿ.

ಅವನು ಅದನ್ನು ಎತ್ತಿಕೊಂಡ. ಎಸೆಯೋಣವೆಂದರೆ ಮೂರನೇ ಮಾಳಿಗೆಯಲ್ಲಿ ಅಂಗಳವಿರಲಿಲ್ಲ. ಎಸೆದರೆ ಏನೂ ಅನ್ನದೆ ಎತ್ತಿಡಲು ಅಮ್ಮನೂ ಇರಲಿಲ್ಲ.