ಪಂಕ್ ಬ್ಯಾಂಡಿಗೆ ಶಾಲು, ಟೊಪಗಿ, ತೆಂಗಿನಕಾಯಿ

ಮೈಕ್‌ಸೆಟ್ ಬಾಡಿಗಿ ಕೊಡೋ ಮನಷ್ಯಾ ನಗಿಪ್ರಸಂಗ ಹುಡಿಕ್ಕೊಂಡು ಹೋಗೂ ಗರಜಿಲ್ರಿ. ಅವ ವಾಯರ್ ಹಿಡ್ಕೊಂಡು ನಿಂತಲ್ಲಿಗೇ ಅವು ನಡಕೊಂಡು ಬರ್ತಾವು.

ಟೆಸ್ಟಿಂಗ್

ಟಿಕೋಟಾದಾಗ ನಂದೊಂದು ಮೈಕ್‌ಸೆಟ್ ಅಂಗಡಿ ಐತಿ. ಲಗ್ನ, ಕುಬಸ, ಭಾಷಣ, ಎಲ್ಲಾಕ್ಕೂ ನಂದ ಆವಾಜು. ಇಪ್ಪತ್ತು ವರ್ಷದ ಹಿಂದ ಪುಣೆಕ್ಕ ಸ್ಪೀಕರ್ ತರಾಕ ಹೋದಾಗ, ಅಂಗಡಿಯಾಂವ ಆವಾಜು ತೋರಸಾಕಂತ ಒಂದು ಪಂಕ್ ಬ್ಯಾಂಡಿನ ಸಿಡಿ ಹಚ್ಚಿದ. ನಾಕು ಮಂದಿ, ಗಿಟಾರು, ಡ್ರಮ್ಮು, ಮತ್ತ ಕಂಡ ಕಂಡ ದೊಡ್ಡವರನ್ನೆಲ್ಲಾ ಬೈಯೂ ಹಾಡು. ಅದರಾಗ ಹಿಂದಿ ಭಾಷಾದಾಗ ಒಂದು ಹಾಡಿತ್ತು. ‘ಯಾರ ಮುಂದೂ ತಲಿ ಬಗ್ಗಸಂಗಿಲ್ಲ’ ಅಂತ ಅದರ ಅರ್ಥ. ದಿನಾ ಸಾಹೇಬ್ರ ಬಾಯಿ ಮಟ ಮೈಕ್ ಏರಸಿ ಇಳಸಿ, ಬಗ್ಗಿ ಬಗ್ಗಿ ನನ್ನ ನಡಾ ಹೋಗಿತ್ತು. ಆ ಹಾಡು ನೆಟ್ಟಗ ಎದಿಗಿ ನಾಟಿತು. ಸಾಯೂದ್ರಾಗ ಇದನ್ನೊಮ್ಮೆ ಎದುರು ನಿಂತು ಕೇಳಬೇಕು ಅಂತ ಹಟಾ ಹಿಡದ್ನಿ.

ಆ ಸಿಡಿ ಕೊಂಡು ತಂದ್ನಿ, ಅವತ್ತಿಂದ ಎಲ್ಲಿ ಸೆಟ್ ಹೂಡಿದ್ರೂ ಟೆಸ್ಟಿಂಗಿಗಿ ಅದ ಹಾಡು. ಬಬಲೇಶ್ವರದಾಗ ಒಂದು ಕುಬಸದ ಮನಿ ಮುಂದ ಹಚ್ಚಿದಾಗ, ಬಾಜೂ ಮನಿ ಮುತ್ಯಾ ಬಡಿಗಿ ಹಿಡ್ಕೊಂಡು ಓಡಿ ಬಂದ.

“ಲೇ ತಮ್ಮಾ, ಯಾರಿಗಿ ಹೊಡ್ಯಾಕತ್ತಾರ? ಬಿಡಸಾಕ ಒಬ್ರೂ ಹೋಗವಲ್ರಲ್ಲೋ!”

“ಹೊಡ್ಯಾಕತ್ತಿಲ್ಲ ಮುತ್ಯಾ, ಹಾಡಾಕತ್ತಾರ.”

ಮುತ್ಯಾ ಎರಡು ನಿಮಿಷ ಕಿವಿಗೊಟ್ಟು ಕೇಳಿದ. “ಹಂಗಾರ ಯಾರರ ಹೊಡದ್ರ ಬರೋಬ್ಬರಿ ಆಗ್ತೈತಿ,” ಅಂದು ಬಡಿಗಿ ಊರಕೋತ ಹೊಳ್ಳಿ ಹೋದ.

ಗಂಡಿನ ಕಡೆ

ಹೋದ ವರ್ಷ ಅದ ಬ್ಯಾಂಡಿನವರು ಸೊಲ್ಲಾಪುರದಿಂದ ಹುಬ್ಬಳ್ಳಿಗಿ ಹೊಂಟಾರ ಅಂತ ಮೊಬೈಲಿನ್ಯಾಗ ನೋಡಿದ್ನಿ. ‘ನಡುವ ನಮ್ಮ ಕಡಿ ಒಂದೀಟು ಹಾಡಿ ಹೋಗ್ರಿ’ ಅಂತ ಗಂಟು ಬಿದ್ನಿ. ಮೂರರಿಂದ ಐದರ ಮಟ ಹಾಡ್ತೀವಿ, ಸಣ್ಣ ಜಾಗಾ ಸಾಕು ಅಂದ್ರು.

ವಿಜಯಪುರದಾಗ ತೊರವಿ ಹಾದ್ಯಾಗ ಒಂದು ಮಂಗಲ ಕಾರ್ಯಾಲಯ ಐತಿ. ಅದರ ಊಟದ ಹಾಲ್ ಕೇಳಿದ್ರ, ಮಾಲಕ ಸಾವ್ಕಾರ್ರು ರಜಿಸ್ಟರ್ ತಗದ್ರು.

“ಗಂಡಿನ ಕಡ್ಯಾಂವೋ, ಹೆಣ್ಣಿನ ಕಡ್ಯಾಂವೋ?”

“ಎರಡೂ ಅಲ್ರಿ, ಹಾಡಿನ ಕಾರ್ಯಕ್ರಮ.”

“ಮೂರನೇ ಕಾಲಮ್ಮ ಇಲ್ಲ ನೋಡಪಾ.”

ಕಡೀಕಿ ಗಂಡಿನ ಕಡೆ ಅಂತ ಬರಸಿದ್ನಿ. ಸಾವ್ಕಾರ್ರು ಬಾಡಿಗಿ ಬ್ಯಾಡ ಅಂದ್ರು. ನಮ್ಮ ಕಡಿ ಬಾಡಿಗಿ ಬಿಟ್ಟಾಂವ ಅಧ್ಯಕ್ಷನ ಖುರ್ಚಿ ಬಿಡೂದಿಲ್ಲ. ಅಧ್ಯಕ್ಷರು ಬಂದ್ರ ಉದ್ಘಾಟಕರು ಬೇಕು, ಉದ್ಘಾಟಕರು ಬಂದ್ರ ಮುಖ್ಯ ಅತಿಥಿ ಬೇಕು. ಸಂಜೀ ಅನ್ನೂದ್ರಾಗ ಆಮಂತ್ರಣ ಪತ್ರಿಕ್ಯಾಗ ಹನ್ನೊಂದು ದೊಡ್ಡವರ ಹೆಸರು ಕುಂತಿದ್ವು. ದೊಡ್ಡವರನ್ನ ಬೈಯೂ ಬ್ಯಾಂಡಿನ ಹೆಸರು ತಳದಾಗ ಇತ್ತು, ‘ಪ್ರಾರ್ಥನಾ ಗೀತೆ’ ಅನ್ನೂದರ ಮುಂದ.

ಪಿನ್ನು

ಕಾರ್ಯಕ್ರಮದ ದಿನಾ ಮಧ್ಯಾಹ್ನ ಬ್ಯಾಂಡಿನವರು ನಮ್ಮ ಮನಿಗಿ ಊಟಕ್ಕ ಬಂದ್ರು. ನಾಕೂ ಮಂದಿ ಐವತ್ತು ದಾಟ್ಯಾರ. ಹಾಡುವಾತನ ತಲಿ ಎರಡೂ ಕಡಿ ಬೋಳು, ನಟ್ಟನಡುವ ಹುಂಜದ್ಹಂಗ ಕೆಂಪು ಜುಟ್ಟು. ಹಾಕ್ಕೊಂಡ ಜಾಕೀಟು ಅಲ್ಲಲ್ಲಿ ಹರದಿತ್ತು, ಹರದಲ್ಲೆಲ್ಲಾ ಪಿನ್ನು. ಸೆಕಿ ಭಾಳಂತ ಅದನ್ನ ಬಿಚ್ಚಿ ಗೂಟಕ್ಕ ಹಾಕಿ ರೊಟ್ಟಿಗಿ ಕುಂತ.

ಕಳ್ಳಕವಟಗಿಯಿಂದ ಬಂದಿದ್ದ ನಮ್ಮ ಚಿಗವ್ವ ಕೌದಿ ಹೊಲ್ಯಾಕಿ. ಇವರು ಮಜ್ಜಿಗಿ ಕುಡಿಯೂದ್ರಾಗ ಪಿನ್ನೆಲ್ಲಾ ಕಿತ್ತು, ಬಿಳಿ ದಾರದಲೆ ಜಾಕೀಟಿಗಿ ಒಂದೂ ತೂತಿಲ್ದಂಗ ಹೊಲದು ಮಡಚಿ ಇಟ್ಟಿದ್ಳು. ಪಿನ್ನು ಅಕಿ ಕೈಬಳಿಗಿ ಜೋತಾಡಾಕತ್ತಿದ್ವು.

“ಎಂಥಾ ಕೆಲಸ ಮಾಡಿದಿ ಬೇ!” ಅಂದ್ನಿ.

“ಯಾಕೋ? ಇಷ್ಟು ಪಿನ್ನು ಅದಾವ, ಮನ್ಯಾಗೊಂದು ಸೂಜಿ ಇಲ್ಲ ಅಂದ್ರ, ಪಾಪ, ಹೇಣ್ತಿ ಬಿಟ್ಟು ಹೋಗಿರ್ಬೇಕು.”

ಏನಂದ್ರು ಅಂತ ಹಾಡುವಾತ ಕೇಳಿದ. ಅಂಜಕೋತ ಹಿಂದಿ ಮಾಡಿ ಹೇಳಿದ್ನಿ. ಆತ ಜಾಕೀಟು ತಿರುವಿ ಮುರುವಿ ನೋಡಿ, “ಹೌದು, ಎರಡು ಸಲ,” ಅಂದ.

ಸನ್ಮಾನ

ಮೂರರ ಕಾರ್ಯಕ್ರಮಕ್ಕ ಮೂರೂವರಿಗಿ ದೀಪಾ ಹಚ್ಚಿದ್ರು. ಮುಖ್ಯ ಅತಿಥಿಗಳು ‘ಇಂದಿನ ಯುವಕರು’ ಅಂತ ಮುಕ್ಕಾಲು ತಾಸು ಕೊರದ್ರು. ಆಮ್ಯಾಲೆ ಹನ್ನೊಂದೂ ಮಂದಿಗಿ ಸನ್ಮಾನ, ಅದಾದ ಮ್ಯಾಲೆ ಬ್ಯಾಂಡಿಗಿ. ಶಾಲು, ಟೊಪಗಿ, ತೆಂಗಿನಕಾಯಿ. ಹಾಡುವಾತನ ಜುಟ್ಟಿನ ಮ್ಯಾಲೆ ಟೊಪಗಿ ನಿಲ್ಲವಲ್ದು. ಸಾವ್ಕಾರ್ರು ಒತ್ತಿದ್ರ ಅದು ಮತ್ತ ಎದ್ದು ಬರ್ತಿತ್ತು. ಕಡೀಕಿ ಎರಡೂ ಕೈಲೆ ಅದುಮಿ ಹಿಡದು ಫೋಟೋ ತಗಸಿದ್ರು.

ನನ್ನ ಪಿತ್ತ ನೆತ್ತಿಗೇರಿತ್ತು. “ಥೂ, ಶಾಲಿನ ಹುಚ್ಚು! ನನಗ ಯಾರರ ಹಾಕಾಕ ಬರ್ಲಿ, ಹರದು ಒಗೀತೀನಿ,” ಅಂತ ಬಾಜೂಕ ಕುಂತಾವಗ ಹೇಳಿದ್ನಿ.

ಐದಕ್ಕ, ಸಂಜೀಕ ಹಾಲ್ ಹಿಡದಿದ್ದ ಖರೇ ಗಂಡಿನ ಕಡೆಯವರು ಅರಿಶಿಣಕ್ಕಂತ ಬಾಗಲದಾಗ ಬಂದು ನಿಂತ್ರು. ಉಳದದ್ದು ಒಂದ ಹಾಡಿನ ಹೊತ್ತು. “ನಿಮ್ಮ ಹಾಡ ಹಾಡ್ತೀವಿ,” ಅಂತ ಹಾಡುವಾತ ನನ್ನ ಕಡಿ ಕೈ ಮಾಡಿದ. ನನ್ನ ಕಣ್ಣಾಗ ನೀರು ಬಂತು. ಇಪ್ಪತ್ತು ವರ್ಷ ಕಾದ ಹಾಡು, ಎರಡೂವರಿ ನಿಮಿಷದ್ದು. ಡ್ರಮ್ಮಿಗಿ ಮೊದಲ ಏಟು ಬಿತ್ತು.

ಹೊತ್ತಿಲ್ಲ, ಹಾಡು ನಡದಾಗ ಉಳದ ಸನ್ಮಾನ ಮುಗಸೂಣು ಅಂತ ನಿರೂಪಕರು ಇನ್ನೊಂದು ಮೈಕ್ ಹಿಡದ್ರು. “ಈ ಕಾರ್ಯಕ್ರಮದ ರೂವಾರಿ, ನಮ್ಮ ಮೈಕ್‌ಸೆಟ್ ಮಾಲಕರು ವೇದಿಕೆಗೆ ಬರಬೇಕು!”

ಏನ್ ಹೇಳ್ಲಿ. ಇಪ್ಪತ್ತು ವರ್ಷ ಎಲ್ಲಾರ ಹೆಸರು ನನ್ನ ಮೈಕಿನ್ಯಾಗ ಕೇಳೀನಿ. ನನ್ನನ್ನ ಕರದದ್ದು ಅದ ಮೊದಲು. ಕಾಲು ತಾವ ವೇದಿಕಿ ಹತ್ತಿ ಬಿಟ್ಟುವು.

ಸಾವ್ಕಾರ್ರು ಗಿಡ್ಡ ಅದಾರ. “ಒಂದೀಟು ಬಗ್ಗೋ,” ಅಂದ್ರು. ಬಗ್ಗಿದ್ನಿ. ಟೊಪಗಿ ಕಿವಿ ಮಟ ಇಳೀತು. “ಕಣ್ಣು ಮುಚ್ಚೀರಿ, ಇನ್ನೊಂದು,” ಅಂದ ಫೋಟೋದಾಂವ. ಮತ್ತ ಬಗ್ಗಿದ್ನಿ. “ಕಾಯಿ ಕಾಣವಲ್ದು, ಇನ್ನೊಂದು.” ಮೂರನೇ ಸಲ ಬಗ್ಗಿ ಏಳೂದ್ರಾಗ ಹಿಂದ ಡ್ರಮ್ಮು ನಿಂತಿತ್ತು. ಅರಿಶಿಣದವರು ಪಾತ್ರಿ ತಂದು ಇಡಾಕತ್ತಿದ್ರು.

ಆ ಫೋಟೋ ಈಗ ಅಂಗಡ್ಯಾಗ ಕಟ್ಟು ಹಾಕ್ಸಿ ಇಟ್ಟೀನಿ. ಮುಂದ ನಾನು, ಶಾಲು ಹೊತ್ತು ನಡಾ ಬಗ್ಗಸೀನಿ. ಹಿಂದ ಹಾಡುವಾತ, ಕೊಳ್ಳಿನ ನರಾ ಬಿಗದು ಬಾಯಿ ತಗದಾನ.

ಬಂದ ಗಿರಾಕಿ ಕೇಳ್ತಾರ, “ಹಿಂದ ಒದರಾಕತ್ತಾರಲ್ಲ, ಯಾರ್ರಿ ಅವರು?”

“ಅವರೇನ್ರಿ,” ಅಂತೀನಿ, “ಪ್ರಾರ್ಥನಾ ಗೀತೆಯವರು.”