ನಮ್ಮ ಅಂಗಡಿಯ ಹಮಾಲ ಬೀಳಲು ಕಲಿತದ್ದು

ಸಿಂಧನೂರಿನಲ್ಲಿ ಹಿಂಡಿ, ತೌಡು ಮಾರುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಮ್ಮೆ ಕಟ್ಟಿದವರ ಹಿಂದೆ ಅದೂ ಅಂಗಡಿಗೆ ಬರುತ್ತದೆ. ಈ ಸಲ ಮಾತ್ರ ಅದು ನನ್ನ ಗೋದಾಮಿನಿಂದಲೇ ಹೊರಟಿತು.

ನಮ್ಮಲ್ಲಿ ಚೀಲ ಹೊರುವ ಹಮಾಲ, ಜವಳಗೇರಾದವನು, ಮಣ್ಣಿನ ಕಣದಲ್ಲಿ ಒಳ್ಳೇ ಪೈಲ್ವಾನ. ದೊಡ್ಡ ಊರಿನ ಮ್ಯಾನೇಜರೊಬ್ಬ ಟೀವಿಯಲ್ಲಿ ತೋರಿಸುವಂಥ ಹಗ್ಗದ ರಿಂಗಿನ ಕುಸ್ತಿಯನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಇಟ್ಟ. ಅದರಲ್ಲಿ ಸೋಲು ಗೆಲುವು ಮೊದಲೇ ಮಾತಾಡಿಕೊಂಡದ್ದು. ಆ ಕಂಪನಿ ಸೇರಲು ಹೋದ ನಮ್ಮವನು ಹೊಸಬ; ಹೊಸಬ ಸೋಲಬೇಕು.

"ಹೇಳಿದಂಗ ಚಂದಾಗಿ ಸೋತ್ರ ಕಂಪನಿಗೆ ತಗೋತೀನಿ. ಇಲ್ಲಾಂದ್ರ ನಿನ್ನ ಚೀಲ ನಿನಗ" ಎಂದ ಮ್ಯಾನೇಜರ್.

"ಸೋತೇ ತೀರ್ತೀನ್ರಿ" ಎಂದ ನಮ್ಮವನು, ಪ್ರತಿಜ್ಞೆ ಮಾಡುವವನ ಮುಖದಲ್ಲಿ.

ನಾನು ವ್ಯಾಪಾರಸ್ಥ. ಅವನ ಬನಿಯನ್ನಿನ ಬೆನ್ನಿಗೆ 'ಬಲಕ್ಕೆ ನಮ್ಮ ಹಿಂಡಿ' ಎಂದು ದಪ್ಪಗೆ ಬರೆಸಿ, ಕೆಳಗೆ ಅಂಗಡಿಯ ಹೆಸರು ಹಾಕಿಸಿದೆ.

೧. ಬೆನ್ನು ಹತ್ತಿತು

ಸಿಂಧನೂರಿನ ಆಟದಲ್ಲಿ ಎದುರಾಳಿ ಮೊದಲು ಒಂದು ಸಲ ಕೆಡವಬೇಕು, ಇವನು ಎದ್ದು ಹೊಡೆದಾಡಬೇಕು, ಭಾಳ ಹೊತ್ತಿನ ಮೇಲೆ ಸೋಲಬೇಕು. ಆತ ಕೆಡವಿದ. ಇವನ ಬೆನ್ನು ನೆಲಕ್ಕೆ ಹತ್ತಿತು. ಇವನು ಎದ್ದ, ಎದುರಾಳಿಗೆ ಕೈಮುಗಿದ, ಹಗ್ಗ ದಾಟಿ ಇಳಿದ, ಲುಂಗಿ ಸುತ್ತಿಕೊಂಡು ಬಂದು ನನ್ನ ಪಕ್ಕ ಕುಂತ.

ಮ್ಯಾನೇಜರ್ ಓಡಿ ಬಂದ. "ಏಯ್, ಎದ್ದು ಬಾ, ಕುಸ್ತಿ ಇನ್ನೂ ಐತಿ."

"ಬೆನ್ನು ಹತ್ತೇತ್ರಿ. ಇನ್ನೇನೈತಿ?"

ಹಿಂದೆ ಕುಂತಿದ್ದ ಹಿರಿಯರೊಬ್ಬರು ಮ್ಯಾನೇಜರನಿಗೇ ಬುದ್ಧಿ ಹೇಳಿದರು: "ಬೆನ್ನು ಹತ್ತಿದ ಮ್ಯಾಲ ಕುಸ್ತಿ ಅಂದ್ರ, ಮಣ್ಣು ಮಾಡಿದ ಮ್ಯಾಲ ಡಾಕ್ಟರನ್ನ ಕರದಂಗ ಆತು, ತಮ್ಮಾ."

ಮರುದಿನ ಗಿರಾಕಿಯೊಬ್ಬ ನನ್ನ ಹಿಂಡಿಯನ್ನು ಮೂಸಿ ನೋಡಿ ಕೇಳಿದ: "ಆ ಹುಡುಗ ತಿನ್ನೋದು ಇದನ್ನೇನ್ರಿ? ಹಂಗಾರ ಬ್ಯಾಡ. ನಮ್ಮ ಎಮ್ಮಿ ಮೊದಲೇ ಲಗೂ ಕುಂದರ್ತೈತಿ."

೨. ಹಟ್ಟಿಯ ಬಸ್ಸು

ಅವನಿಗೆ ಹಟ ಬಂತು. ದಿನಾ ಸಂಜೆ ಗೋದಾಮಿನಲ್ಲಿ ತೌಡಿನ ಚೀಲ ಹಾಸಿಸಿ, ಸಂಗಡಿಗ ಹಮಾಲರ ಕೈಯಿಂದ ತನ್ನನ್ನೇ ಎತ್ತಿ ಒಗೆಸಿಕೊಂಡು, ಬಿದ್ದರೂ ಆಟ ಮುಂದುವರಿಸುವುದನ್ನು ಕಲಿತ. ಅವನ ತಾಯಿ ಬಂದು ನೋಡಿ, "ಇಷ್ಟು ದಿನ ಚೀಲ ಒಗೀತಿದ್ದಿ, ಈಗ ನೀನ ಚೀಲ ಆದಿ. ಬಡ್ತಿ ಸಿಕ್ತು ಬಿಡು" ಎಂದು ಬುತ್ತಿ ಇಟ್ಟು ಹೋದಳು.

ಲಿಂಗಸುಗೂರಿನಲ್ಲಿ ಎದುರಾಳಿ ಹಟ್ಟಿಯವನು. ಚಿನ್ನದ ಗಣಿಯಲ್ಲಿ ಕೆಲಸ, ರಜೆಯಲ್ಲಿ ಕಪ್ಪು ಮುಖವಾಡ ಹಾಕಿ ಕುಸ್ತಿ. ಅವತ್ತು ಆಟ ತಡವಾಗಿ ಶುರುವಾಯಿತು. ನಮ್ಮವನು ಈ ಸಲ ಬಿದ್ದ, ಎದ್ದ, ಮತ್ತೆ ಬಿದ್ದ. ಎಲ್ಲಾ ಹೇಳಿಕೊಟ್ಟಂತೆಯೇ. ಅಷ್ಟರಲ್ಲಿ ರಸ್ತೆಯಲ್ಲಿ ಹಟ್ಟಿ ಬಸ್ಸಿನ ಹಾರ್ನ್.

ಮುಖವಾಡದವನು ಅವನ ಕುತ್ತಿಗೆ ಹಿಡಿದುಕೊಂಡೇ ಗುನುಗಿದ: "ಲಗೂ ಸೋಲಪ್ಪಾ. ಆ ಬಸ್ ತಪ್ಪಿದ್ರ ನನ್ನ ಶಿಫ್ಟ್ ಹೋಗ್ತೈತಿ."

"ಇನ್ನೂ ಎರಡು ಪಟ್ಟು ಬಾಕಿ ಅದಾವ್ರಿ. ಮ್ಯಾನೇಜರ್ ಹೇಳ್ಯಾರ."

ಮತ್ತೆ ಹಾರ್ನ್ ಆಯಿತು. ಮುಖವಾಡದವನು ಇವನನ್ನು ಬಿಟ್ಟು, ಹಗ್ಗ ಹಾರಿ, ಜನರ ನಡುವೆ ಓಡಿ ಬಸ್ ಹತ್ತಿದ. ತೀರ್ಪು ಕೊಡುವ ಪಂಚ ಬೇರೆ ದಾರಿ ಇಲ್ಲದೆ ನಮ್ಮವನ ಕೈ ಎತ್ತಿದ. ಗೆದ್ದವನು ಅಳುವ ಮುಖ ಮಾಡಿಕೊಂಡು ನಿಂತಿದ್ದನ್ನು ನಾನು ಅವತ್ತೇ ನೋಡಿದ್ದು.

ಹಟ್ಟಿಯವನು ಬಸ್ಸಿನಲ್ಲಿ ಮುಖವಾಡ ತೆಗೆಯದೆಯೇ ಸೀಟು ಹಿಡಿದನಂತೆ. ಪಕ್ಕದವನು ಕೇಳಿದನಂತೆ: "ಹೊರಗ ಅಷ್ಟು ಧೂಳು ಐತೇನಣ್ಣ?"

೩. ನಾಲ್ಕಾಳಿನ ಸೋಲು

"ಮಸ್ಕ್ಯಾಗ ಸೋಲಲಿಲ್ಲಂದ್ರ ಮುಗೀತು ನೋಡು" ಎಂದ ಮ್ಯಾನೇಜರ್. ನಾನೂ ಲೆಕ್ಕ ಹಾಕಿದೆ: ಸೋಲುವವನು ಅಂಗಾತ ಬೀಳುತ್ತಾನೆ, ಬೆನ್ನ ಮೇಲಿನ ಬರಹ ಯಾರಿಗೆ ಕಂಡೀತು? ಎದೆಯ ಮೇಲೆ ಬರೆಸಿದೆ.

ಜವಳಗೇರಾದಿಂದ ಟ್ರ್ಯಾಕ್ಟರ್ ತುಂಬ ಜನ, ನಮ್ಮ ಬಜಾರಿನ ಹಮಾಲರು, ಮುಂದಿನ ಸಾಲಿನಲ್ಲಿ ಅವನ ತಾಯಿ. ಎದುರಾಳಿ ಜಿಮ್ಮಿನಲ್ಲಿ ಮೈ ಕಡೆದವನು. ಕೊನೆಯ ಪಟ್ಟಿಗೆ ಆತ ನಮ್ಮವನನ್ನು ಹೆಗಲಿಗೇರಿಸಿ ಕೆಡವಬೇಕು. ಇವನು ನೆಗೆದು ಕೊಡಬೇಕಿತ್ತು. ಆದರೆ ಗೋದಾಮಿನಲ್ಲಿ ಕಲಿತವನಲ್ಲವೇ, ಚೀಲ ತಾನಾಗಿ ನೆಗೆದದ್ದುಂಟೇ? ಸುಮ್ಮನೆ ಭಾರ ಬಿಟ್ಟು ನಿಂತ. ಆತ ತಬ್ಬಿ ಎತ್ತಿದ, ಏಳಲಿಲ್ಲ. ಮತ್ತೆ ಎತ್ತಿದ, ಮೊಣಕಾಲು ನಡುಗಿತು.

ನಮ್ಮ ಬಜಾರಿನಲ್ಲೊಂದು ರೂಢಿ: ಭಾರ ಎತ್ತಲಾಗದೆ ಒಬ್ಬ ನಿಂತರೆ, ಹತ್ತಿರವಿದ್ದ ಹಮಾಲ ಕೇಳದೆಯೇ ಕೈ ಕೊಡಬೇಕು. ನಾಲ್ಕು ಮಂದಿ ಎದ್ದರು, ರಿಂಗ್ ಹತ್ತಿದರು. "ಸೊಂಟದಿಂದ ಎತ್ತಬ್ಯಾಡ್ರಿ, ಮಣಕಾಲು ಬಗ್ಗಸ್ರಿ" ಎಂದು ಎದುರಾಳಿಯನ್ನು ಬಗ್ಗಿಸಿ ನಿಲ್ಲಿಸಿ, ನಮ್ಮವನನ್ನು ಕೈಕಾಲು ಹಿಡಿದು ಎತ್ತಿ ಅವನ ಹೆಗಲ ಮೇಲೆ ಅಚ್ಚುಕಟ್ಟಾಗಿ ಹೊಂದಿಸಿ, "ಹೂಂ, ನಡೀರಿ" ಎಂದು ಇಳಿದು ಹೋದರು.

ಭಾರಕ್ಕೆ ಎದುರಾಳಿಯ ಕಣ್ಣುಗಳು ಹೊರಬಂದಿದ್ದವು. "ಎಲ್ಲಿ ಇಳಿಸ್ಲಿ?" ಎಂದ.

ಹೆಗಲ ಮೇಲಿಂದಲೇ ನಮ್ಮವನು ಹೇಳಿದ: "ಸಾವಕಾರ್ರು ಕುಂತ ಕಡೆ ನಡೀರಿ. ಎದಿ ಮ್ಯಾಲ ಮಾಡಿ ಇಳಸ್ರಿ."

ಇಳಿಸಿದ. ಪಂಚ ಎಣಿಸಿದ: ಒಂದು, ಎರಡು, ಮೂರು. ನಮ್ಮವನು ಕಡ್ಡಿಯಷ್ಟೂ ಅಲುಗಲಿಲ್ಲ. ಜನ ನಕ್ಕು ಉರುಳಾಡುತ್ತಿದ್ದರು. ಮ್ಯಾನೇಜರ್ ಕಣ್ಣೊರೆಸಿಕೊಂಡು, "ಇವನ್ನ ತಗೊಂಡೆ. ಆ ನಾಲ್ಕು ಮಂದೀನೂ ಬರ್ಲಿ" ಎಂದ. ತಾಯಿ ಪಕ್ಕದವಳಿಗೆ ಹೇಳಿದಳು: "ಅಂತೂ ಸೋತ ನೋಡವ್ವಾ, ನನ್ನ ಮಗ."

ಕಂಪನಿಯ ಜೊತೆ ಅವರು ಹೋದ ಮೇಲೆ ಅಂಗಡಿಯಲ್ಲಿ ಚೀಲ ಎತ್ತಲು ನಾನೊಬ್ಬನೇ ಉಳಿದೆ. ಅಷ್ಟರಲ್ಲಿ ಮೊದಲು ಹಿಂಡಿ ಮೂಸಿ ಹೋಗಿದ್ದ ಗಿರಾಕಿ ಬಂದ.

"ಆ ಸೋತವನ ಎದಿ ಮ್ಯಾಲ ಇತ್ತಲ್ರಿ, ಅದ ಹಿಂಡಿ ಕೊಡ್ರಿ."

"ಯಾಕಪ್ಪಾ, ಸೋತವನ ಹಿಂಡಿ ಬ್ಯಾಡ ಅಂದಿದ್ದಿ?"

"ಸೋಲಿಸಾಕ ಐದು ಮಂದಿ ಬೇಕಾತಲ್ರಿ" ಎಂದ.