ಮಾಗ್ದಾಳ ನಿದ್ದೆಗೆ ಊರೆಲ್ಲ ಕಾವಲು

ನಮ್ಮ ಕಡೆ ಹಗಲು ಹೊತ್ತಿನಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಮಲಗಿದರೆ ಅದು ವಿಶ್ರಾಂತಿಯಲ್ಲ, ರೋಗ. ಇದು ನಿಮಗೆ ಗೊತ್ತು. ನನಗೂ ಗೊತ್ತಿರಬೇಕಿತ್ತು!

ಸೊಲ್ಲಾಪುರದ ನಮ್ಮ ಮನೆಯ ಮಾಳಿಗೆಯಲ್ಲಿ ಪೋಲೆಂಡ್ ದೇಶದ ಮಾಗ್ದಾ ಬಾಡಿಗೆಗಿದ್ದಾಳೆ. ಟವೆಲ್ ಕಾರ್ಖಾನೆಯಲ್ಲಿ ಡಿಸೈನು ಮಾಡುವ ಕೆಲಸ. ನನ್ನ ಹೆಂಡತಿ ನಂದಾಳಿಂದ ಕನ್ನಡ ಕಲಿತು, ಈಗ ತರಕಾರಿಯವನ ಜೊತೆ ನಮಗಿಂತ ಚೆನ್ನಾಗಿ ಜಗಳವಾಡುತ್ತಾಳೆ. ಆದರೆ ಓಣಿಯ ಮದುವೆಗಳ ಡಿಜೆ, ಅದರ ಮೇಲೆ ನೆರೆಯವರ "ಪಗಾರ ಎಷ್ಟು? ಲಗ್ನ ಯಾಕಾಗಿಲ್ಲ?" ಎಂಬ ವಿಚಾರಣೆ! ಪಾಪ, ಬಸವಳಿದು ಹೋದಳು.

"ಅಣ್ಣಾ, ಒಂದ ದಿನಾ ಸಮಾಧಾನದಿಂದ ಮಲಗಬೇಕ್ರಿ. ಇಲ್ಲಂದ್ರ ಕೆಲಸಾ ಬಿಟ್ಟು ನಮ್ಮ ದೇಶಕ್ಕ ಹೋಗ್ತೀನಿ."

ನಂದಾಳ ಕಣ್ಣು ತುಂಬಿ ಬಂತು. ನಾನು ಎದೆ ತಟ್ಟಿದೆ. "ಭಾನುವಾರ ಹನ್ನೂರ ಹಳ್ಳಿಗಿ ನಡಿ ತಂಗಿ, ನಮ್ಮ ಮಾವನ ಮನಿಗಿ! ಅಲ್ಲಿ ಗುಬ್ಬಿನೂ ಪರವಾನಗಿ ಕೇಳಿ ಚಿಂವ್ ಅಂತದ!"

"ಗುಬ್ಬಿ ಸುಮ್ಮನಿರ್ತದ್ರಿ. ನೀವು ಇರ್ತೀರೇನು?" ಎಂದಳು ನಂದಾ. ಅತಿಥಿ ಸತ್ಕಾರದ ಬಗ್ಗೆ ಅಂಕಣ ಬರೆದವನಿಗೆ ಈ ಮಾತು!

ಹನ್ನೂರಿನಲ್ಲಿ ಮಾಗ್ದಾ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊಸ್ತಿಲಲ್ಲಿ ದ್ವಾರಪಾಲಕನಾಗಿ ಕುಳಿತೆ. ಅತ್ತೆ ಅಕ್ಕನಾಗಮ್ಮ ಬಂದರು.

"ಮನಿಗಿ ಬಂದ ಪಾವಣೇರು ಯಾಕ್ ಮಲಗ್ಯಾರ? ಆರಾಮಿಲ್ಲೇನು?"

"ಆರಾಮ ಅದಾಳ್ರಿ ಅತ್ತಿ."

"ಆರಾಮ ಇದ್ದಾಕಿ ಹಗಲಿ ಯಾಕ್ ಮಲಗ್ತಾಳ? ದೃಷ್ಟಿ ಆಗ್ಯಾದ!"

ಕೆಂಡಕ್ಕೆ ಮೆಣಸಿನಕಾಯಿ ಬಿತ್ತು. ಮನೆಯೆಲ್ಲ ಕೆಮ್ಮಿತು. ಮಾಗ್ದಾ ಕಣ್ಣೊರೆಸುತ್ತ ಹೊರಬಂದಳು. "ನೋಡ್ರಿ, ಎಷ್ಟ ದೃಷ್ಟಿ ಇತ್ತು!" ಎಂದು ಅತ್ತೆ ಗೆದ್ದರು. ಮತ್ತೆ ಮಲಗಿಸಿದರೆ, ಪಕ್ಕದ ಮನೆಯ ದೀಪಾಲಿ ಶುಂಠಿ ಕಷಾಯ ತಂದಳು. ಮೂರನೆಯ ಸಲ ಮಲಗಿಸಿದರೆ, ಮಾವ ಸಾತಲಿಂಗಪ್ಪನವರು ಬೈಕಿನ ಹಿಂದೆ ಡಾಕ್ಟರನ್ನೇ ಕೂರಿಸಿಕೊಂಡು ಬಂದರು! ಡಾಕ್ಟರ್ ಮಾಗ್ದಾಳ ಬಿಪಿ ನೋಡಿದರು, ಸರಿಯಾಗಿತ್ತು. ನನ್ನದು ನೋಡಿದರು, ಗಾಬರಿಯಾದರು. ಡಾಕ್ಟರ್ ಬಂದಿದ್ದಾರೆಂದು ಮೊಣಕಾಲು ನೋವಿನವರೆಲ್ಲ ಅಂಗಳದಲ್ಲಿ ಪಾಳಿ ಹಚ್ಚಿದರು.

ನನ್ನ ತಾಳ್ಮೆ ಕೆಟ್ಟಿತು. ಕಟ್ಟೆ ಹತ್ತಿ ಗರ್ಜಿಸಿದೆ: "ಪ್ರೀತಿ ಅಂದ್ರ ಕಿರುಕುಳ ಅಲ್ಲ! ಒಬ್ಬ ಮನುಷ್ಯಾನ್ನ ಸುಮ್ಮ ಬಿಡಾಕ ಯಾವಾಗ ಕಲಿತೀರಿ?"

ಕಿಟಕಿ ತೆರೆಯಿತು. "ಅಣ್ಣಾ, ಎಲ್ಲಾರಕಿಂತ ನಿಮ್ಮ ದನಿನೇ ದೊಡ್ಡದದರಿ."

ಸಂಜೆ ಮೂವರೂ ವಾಪಸ್ ಹೊರಟು, ಬಸ್ಸು ಬದಲಿಸಲು ಇಳಿದದ್ದು ಅಕ್ಕಲಕೋಟ ಬಸ್ ಸ್ಟ್ಯಾಂಡಿನಲ್ಲಿ. ಮೈಕಿನಲ್ಲಿ ಮರಾಠಿ ಕೂಗು, ಕಂಡಕ್ಟರನ ಸೀಟಿ, ಭಕ್ತರ ನೂಕುನುಗ್ಗಲು. ಸೊಲ್ಲಾಪುರದ ಬಸ್ಸು ಯಾವಾಗೆಂದು ಕೇಳಿ ಬಂದು ನೋಡುತ್ತೇನೆ: ಬೆಂಚಿನ ಮೇಲೆ ಚೀಲಕ್ಕೆ ತಲೆಯಿಟ್ಟು ಮಾಗ್ದಾ ಗೊರಕೆ ಹೊಡೆಯುತ್ತಿದ್ದಾಳೆ! ಅಕ್ಕಪಕ್ಕ ಯಾತ್ರಿಕರೂ ಹಾಗೆಯೇ ಮಲಗಿದ್ದಾರೆ. ಯಾರೂ ಯಾರನ್ನೂ ಏನೂ ಕೇಳುತ್ತಿಲ್ಲ. ಅಲ್ಲಿ ಅವಳು ಯಾರ ಅತಿಥಿಯೂ ಅಲ್ಲವಲ್ಲ!

"ಎಬ್ಬಸಬ್ಯಾಡ್ರಿ, ಮುಂದಿನ ಬಸ್ಸಿಗಿ ಹೋಗೂಣು," ನಂದಾ ಪಿಸುಗುಟ್ಟಿದಳು.

ನನಗೆ ಸಂತೋಷ ತಡೆಯಲಿಲ್ಲ. ಹತ್ತಿರ ಹೋಗಿ ಭುಜ ಅಲುಗಾಡಿಸಿದೆ. "ತಂಗೀ, ನಿದ್ದಿ ಛಲೋ ಬಂತೇನು?"

ಮಾಗ್ದಾ ದೇಶ ಬಿಟ್ಟಿಲ್ಲ. ಪ್ರತಿ ಭಾನುವಾರ ಒಬ್ಬಳೇ ಅಕ್ಕಲಕೋಟ ಬಸ್ ಸ್ಟ್ಯಾಂಡಿಗೆ ಹೋಗಿ ಮಲಗಿ ಬರುತ್ತಾಳೆ. ನಾನು ಬರಕೂಡದು ಎಂಬುದೊಂದೇ ಅವಳ ಷರತ್ತು. ಅಲ್ಲಿ ಅವಳು ಕಂಡರೆ ಚಹಾ ಕೊಡಬೇಡಿ, ಊರು ಕೇಳಬೇಡಿ, ಆರಾಮ ವಿಚಾರಿಸಬೇಡಿ. ಅವಳ ಹಿಂದೆ ಯಾವನಾದರೂ ಅಂಕಣಕಾರ ಪ್ರೀತಿಯಿಂದ ಸುಳಿಯುತ್ತಿದ್ದರೆ, ಕೊರಳಪಟ್ಟಿ ಹಿಡಿದು ಸಿಕ್ಕ ಬಸ್ಸಿಗೆ ಹತ್ತಿಸಿ!